ಅಶ್ವಶಕ್ತಿಯ ಅಂದಾಜು

ನೀರಾವರಿ ಪಂಪ್‌ಸೆಟ್ಟೊಂದು ವರ್ಷಕ್ಕೆ ಎಷ್ಟು ಯೂನಿಟ್ ವಿದ್ಯುತ್ತನ್ನು ಬಳಸುತ್ತದೆಂಬ ಪ್ರಶ್ನೆಗೆ ನಮ್ಮಲ್ಲಿ ರೂಢಿಯಾಗಿ ಬಂದಿರುವ ಉತ್ತರ ಬಹು ಸರಳವಾದುದು: ಮೋಟಾರಿನ ಫಲಕದ ಮೇಲಿರುವ ಅಶ್ವಶಕ್ತಿಯನ್ನು 746 ವಾಟಿನಿಂದ ಗುಣಿಸಿ, ಓಡುವ ಗಂಟೆಗಳಿಂದ ಮತ್ತೆ ಗುಣಿಸಿ, ಸಾವಿರದಿಂದ ಭಾಗಿಸುವುದು. ಈ ರೂಢಿ ಇಂದು ನಿನ್ನೆಯದಲ್ಲ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದಾಗ ಮೈಸೂರು ಸರ್ಕಾರವು ಗಣಿ ಕಂಪನಿಗಳೊಡನೆ ಮಾಡಿಕೊಂಡ ಒಡಂಬಡಿಕೆಯೂ ಅಶ್ವಶಕ್ತಿಯೊಂದಕ್ಕೆ ವರ್ಷಕ್ಕಿಷ್ಟು ಎಂಬ ದರದ್ದೇ ಆಗಿತ್ತು. ಹಗಲಿರುಳೆನ್ನದೆ ದುಡಿಯುವ ಗಣಿಯಂತ್ರಗಳಿಗೆ ಆ ಲೆಕ್ಕ ಒಪ್ಪುವಂಥದು. ಮಳೆ, ನಾಲೆ, ಬೆಳೆಗಳನ್ನು ಅನುಸರಿಸಿ ಓಡುವ, ಒಮ್ಮೊಮ್ಮೆ ತಿಂಗಳುಗಟ್ಟಲೆ ಸುಮ್ಮನಿರುವ ಗದ್ದೆಯ ಮೋಟಾರಿಗೆ ಅದು ಹೇಗೆ ಒಪ್ಪೀತು?

ಮೊದಲನೆಯ ದೋಷ ಫಲಕದಲ್ಲಿಯೇ ಇದೆ. 5 ಅಶ್ವಶಕ್ತಿಯೆಂದರೆ ಮೋಟಾರು ತನ್ನ ಶಾಫ್ಟಿನಲ್ಲಿ ಕೊಡಬಲ್ಲ 3.73 ಕಿಲೋವಾಟ್ ಶಕ್ತಿಯೇ ಹೊರತು ತಂತಿಯಿಂದ ಎಳೆದುಕೊಳ್ಳುವ ಶಕ್ತಿಯಲ್ಲ; ದಕ್ಷತೆ ಶೇಕಡಾ 80 ಆಗಿದ್ದರೆ ಪೂರ್ಣ ಭಾರದಲ್ಲಿ ಅದು ಎಳೆಯುವುದು ಸುಮಾರು 4.66 ಕಿಲೋವಾಟ್. ಸುಟ್ಟುಹೋಗಿ ಮತ್ತೆ ಮತ್ತೆ ವೈಂಡಿಂಗ್ ಮಾಡಿಸಿಕೊಂಡ ಮೋಟಾರಿನಲ್ಲಿ ದಕ್ಷತೆ ಇನ್ನೂ ಇಳಿದಿರುತ್ತದೆ. ಆದರೆ ಪಂಪು ಪೂರ್ಣ ಭಾರವನ್ನು ಹೇರದಿದ್ದಲ್ಲಿ ಮೋಟಾರು ಎಳೆಯುವ ಶಕ್ತಿಯೂ ಕಡಿಮೆಯಾಗುವುದರಿಂದ, ಒಂದು ತಪ್ಪು ಲೆಕ್ಕವನ್ನು ಕೆಳಕ್ಕೆ ಒಯ್ದರೆ ಮತ್ತೊಂದು ಮೇಲಕ್ಕೆ ಒಯ್ಯುತ್ತದೆ. ಎರಡೂ ಸೇರಿ ಅಕಸ್ಮಾತ್ತಾಗಿ ಸರಿಯಾದ ಅಂಕಿ ಬಂದರೆ ಅದನ್ನು ಮಾಪನವೆಂದು ಕರೆಯಲಾಗದು.

ನಿಜವನ್ನು ತಿಳಿಯಲು ಸ್ಟಾರ್ಟರ್ ಪೆಟ್ಟಿಗೆಯ ಬಾಗಿಲು ತೆರೆದು, ಮೂರು ಫೇಸಿನ ತಂತಿಗಳಿಗೂ ಒಂದೊಂದಾಗಿ ಟಾಂಗ್ ಟೆಸ್ಟರ್ ಹಾಕಿ ಕರೆಂಟನ್ನು ಅಳೆದು, ವೋಲ್ಟೇಜನ್ನೂ ಪವರ್ ಫ್ಯಾಕ್ಟರನ್ನೂ ನೋಡಬೇಕು. 380 ವೋಲ್ಟು, 7.5 ಆಂಪಿಯರು, 0.8 ಪವರ್ ಫ್ಯಾಕ್ಟರ್ ಎಂದಿಟ್ಟುಕೊಂಡರೆ ಎಳೆತ ಸುಮಾರು 3.95 ಕಿಲೋವಾಟ್ ಆಗುತ್ತದೆ. ಅದೇ ಹೊತ್ತಿಗೆ ಪೈಪಿನ ಬಾಯಿಗೆ ಡ್ರಮ್ಮು ಹಿಡಿದು ನೀರನ್ನೂ ಅಳೆಯಬೇಕು: ಸೆಕೆಂಡಿಗೆ 5 ಲೀಟರ್ ನೀರು 30 ಮೀಟರ್ ಮೇಲೇರಿದ್ದರೆ ನೀರಿಗೆ ಸಂದ ಶಕ್ತಿ ಒಂದೂವರೆ ಕಿಲೋವಾಟಿಗಿಂತ ಹೆಚ್ಚಿಲ್ಲ. ಉಳಿದುದೆಲ್ಲ ಬಿಸಿಯಾಗಿ, ಘರ್ಷಣೆಯಾಗಿ ವ್ಯಯವಾಯಿತು. ಫಲಕದ ಲೆಕ್ಕವು ನಮ್ಮ ಕಣ್ಣಿಂದ ಮರೆಮಾಡುವುದು ಮುಖ್ಯವಾಗಿ ಈ ವ್ಯಯವನ್ನೇ.

ಇದಕ್ಕಿಂತ ದೊಡ್ಡ ದೋಷ ಗಂಟೆಗಳ ಲೆಕ್ಕದಲ್ಲಿದೆ. ಶ್ರೀರಂಗಪಟ್ಟಣಕ್ಕೆ ಸಮೀಪದ ಬಾಬುರಾಯನಕೊಪ್ಪಲಿನಂಥ ಊರಿನ ಆಸುಪಾಸು ಕಾವೇರಿಯ ನಾಲೆಗಳ ಸೀಮೆ. ನಾಲೆಯಲ್ಲಿ ನೀರು ಹರಿಯುವಾಗ ಅಚ್ಚುಕಟ್ಟಿನ ರೈತನಿಗೆ ಮೋಟಾರಿನ ಹಂಗು ಅಷ್ಟಾಗಿ ಇರುವುದಿಲ್ಲ. ನಾಗಮಂಗಲದ ಬಯಲಿನಲ್ಲಾದರೋ ತೆಂಗಿನ ತೋಟಕ್ಕೆ ಕೊಳವೆಬಾವಿಯೇ ಗತಿ. ಅಲ್ಲಿ ಆಟೋ ಸ್ಟಾರ್ಟರ್ ಹಾಕಿದ ಮೋಟಾರು, ನಡುರಾತ್ರಿ ತ್ರೀಫೇಸ್ ಬಂದೊಡನೆ, ಒಡೆಯನು ಮಲಗಿರುವಾಗಲೇ, ತಾನಾಗಿ ಓಡತೊಡಗುತ್ತದೆ. ಕೃಷ್ಣರಾಜಪೇಟೆ, ಪಾಂಡವಪುರಗಳಲ್ಲಿ ಎರಡು ಬಗೆಯ ಭೂಮಿಯೂ ಉಂಟು. ಒಂದೇ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಿಗೆ ಒಂದೇ ಸರಾಸರಿಯನ್ನು ಹೊದಿಸುವುದು ಎಲ್ಲರಿಗೂ ಅನ್ಯಾಯವೇ.

ಈಚೆಗೆ ಕೃಷಿಯ ಫೀಡರುಗಳನ್ನು ಬೇರ್ಪಡಿಸಿ, ಫೀಡರಿನ ಮೀಟರಿನಲ್ಲಿ ಕಂಡ ಯೂನಿಟ್ಟುಗಳಿಂದ ನಷ್ಟವನ್ನು ಕಳೆದು, ಉಳಿದುದನ್ನು ಪಂಪ್‌ಸೆಟ್ಟುಗಳ ಸಂಖ್ಯೆಯಿಂದ ಭಾಗಿಸುವ ಕ್ರಮ ಬಳಕೆಗೆ ಬಂದಿದೆ. ಫಲಕದ ಲೆಕ್ಕಕ್ಕಿಂತ ಇದು ನಿಸ್ಸಂದೇಹವಾಗಿ ಉತ್ತಮ. ಕಲ್ಪನೆಯ ಬದಲು ಒಂದು ಮೀಟರಾದರೂ ಇಲ್ಲಿದೆ. ಆದರೂ ಕಳೆಯುವ ನಷ್ಟವೇ ಅಂದಾಜಿನದಾದರೆ, ಹಳೆಯ ತಂತಿಯ ಸೋರಿಕೆಯೂ, ಭಾರ ತಾಳದ ಟಿ.ಸಿ.ಯ (ಟ್ರಾನ್ಸ್‌ಫಾರ್ಮರಿನ) ನಷ್ಟವೂ, ಪಟ್ಟಿಗೆ ಸೇರದ ಅಕ್ರಮ ಮೋಟಾರುಗಳ ಬಳಕೆಯೂ ಪ್ರಾಮಾಣಿಕನಾದ ರೈತನ ಹೆಸರಿಗೇ ಬೀಳುತ್ತವೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತವಾಗಿರುವ ನಮ್ಮ ರಾಜ್ಯದಲ್ಲಿ, ಸರ್ಕಾರ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡುವ ಸಹಾಯಧನವು ಈ ಅಂಕಿಯನ್ನೇ ಆಧರಿಸಿರುವುದರಿಂದ, ಅಂದಾಜಿನ ತಪ್ಪು ಬೊಕ್ಕಸದ ತಪ್ಪೂ ಆಗುತ್ತದೆ.

ಮೀಟರೆಂದೊಡನೆ ನಾಳೆ ಬಿಲ್ಲು ಬಂದೀತೆಂದು ರೈತನು ಹೆದರುವುದು ಸಹಜ. ಆ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದಕಾರಣ ವಿದ್ಯುತ್ ಕಂಪನಿಗಳು ಟಿ.ಸಿ.ಗೊಂದು ಮೀಟರಿಟ್ಟು, ಪ್ರತಿ ತಾಲ್ಲೂಕಿನಲ್ಲಿ ನಾಲೆಯ ಬಯಲನ್ನೂ ಕೊಳವೆಬಾವಿಯ ಬಯಲನ್ನೂ ಬೇರೆಬೇರೆಯಾಗಿ ಆರಿಸಿ, ಕೆಲವು ಮೋಟಾರುಗಳ ವಿದ್ಯುತ್ತನ್ನೂ ನೀರನ್ನೂ ಒಟ್ಟಿಗೆ ವರ್ಷವಿಡೀ ಅಳೆದು, ಆ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ಮೀಟರಿಲ್ಲದ ಸಂಪರ್ಕಗಳಿಗೆಲ್ಲ ಎರಡು ವರ್ಷಗಳೊಳಗೆ ಮೀಟರು ಬರಬೇಕೆಂದು 2003ರ ವಿದ್ಯುಚ್ಛಕ್ತಿ ಕಾಯಿದೆ ವಿಧಿಸಿತ್ತು. ಕರ್ನಾಟಕದ ಬಹುಪಾಲು ಪಂಪ್‌ಸೆಟ್ಟುಗಳು ಇಂದಿಗೂ ಮೀಟರಿಲ್ಲದೆಯೇ ಓಡುತ್ತಿವೆ.