ರಂಗನತಿಟ್ಟಿನ ದೋಣಿ

ರಂಗನತಿಟ್ಟು ಪಕ್ಷಿಧಾಮವನ್ನು ದಡದ ಹಾದಿಯಲ್ಲಿ ನಡೆದೂ ನೋಡಬಹುದು. ನನಗೆ ಮಾತ್ರ ದೋಣಿಯೇ ಇಷ್ಟ, ಅದೂ ಹುಟ್ಟು ಹಾಕುವ ದೋಣಿ. ಮೋಟಾರಿನ ಸದ್ದಿಲ್ಲ, ಗೂಡಿನಲ್ಲಿ ಕೂತ ಹಕ್ಕಿ ಕತ್ತು ಹೊರಳಿಸಿ ನೋಡುತ್ತದಷ್ಟೆ, ಏಳುವುದಿಲ್ಲ. ಅಂಬಿಗನ ಕೈ ಎಂಥ ಪಳಗಿದ ಕೈ! ಬಂಡೆಗೆ ತಾಗದಂತೆ ದೋಣಿ ತಿರುಗಿಸಿ, ಸೆಳವಿನಲ್ಲೂ ಅದನ್ನು ಅಲ್ಲೇ ಹಿಡಿದು ನಿಲ್ಲಿಸುತ್ತಾನೆ. ಬಂಡೆಯ ಅಡಿಗೆ ಕವಲುತೋಕೆಗಳು ಒತ್ತೊತ್ತಾಗಿ ಮೆತ್ತಿದ ಮಣ್ಣಿನ ಗೂಡುಗಳು ಆಗ ಕಣ್ಣೆದುರಿಗೇ ಬರುತ್ತವೆ. ಪಕ್ಕದಲ್ಲೇ ಬಾಯಿ ತೆರೆದು ಬಿಸಿಲು ಕಾಯಿಸುವ ಮೊಸಳೆ. ತುಸು ಆಚೆ ಚಮಚದ ಕೊಕ್ಕಿನ ಹಕ್ಕಿ ನೀರನ್ನು ಅತ್ತಿತ್ತ ಜಾಲಾಡುತ್ತದೆ. ಬಾಯಿಕಳಕ ಕೊಕ್ಕರೆಯ ಕೊಕ್ಕಿನ ನಡುವಿನ ಸಂದು ಬರಿಗಣ್ಣಿಗೇ ಕಾಣುತ್ತದೆ. ಬಸವನಹುಳು ಹಿಡಿಯುವುದರಲ್ಲಿ ಅದು ನಿಸ್ಸೀಮ.

ಮೈಸೂರು ಅರಸರು 17ನೇ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟೆ ಕಟ್ಟಿಸಿದ್ದರಿಂದ ಮೂಡಿದ ನಡುಗಡ್ಡೆಗಳೇ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸರ್ ಪಟ್ಟಿ ಸೇರಿತು. ಮಳೆಗಾಲದಲ್ಲಿ ಕನ್ನಂಬಾಡಿ ಅಣೆಕಟ್ಟೆಯಿಂದ ಹೆಚ್ಚು ನೀರು ಬಿಟ್ಟರೆ ದೋಣಿ ನಿಲ್ಲುತ್ತದೆ, ತಗ್ಗಿನ ಗೂಡುಗಳಿಗೂ ಅಪಾಯ. ಹೋಗುವುದಾದರೆ ಜನವರಿ, ಫೆಬ್ರವರಿಯ ಬೆಳಗ್ಗೆ ಹೋಗಿ. ಬಣ್ಣದ ಕೊಕ್ಕರೆಗಳು ಮರದ ತುಂಬ ಇರುತ್ತವೆ. ದೋಣಿಯಲ್ಲಿ ಮಾತು ಕಡಿಮೆ ಮಾಡಿ, ಅಂಬಿಗ ಬೆರಳು ತೋರಿಸಿದತ್ತ ನೋಡಿ. ಅವನಿಗೆ ಗೂಡುಗಳ ಜಾಗ ಬಾಯಿಪಾಠ.