ದೀರ್ಘ ಸಂವಾದವೂ ಜ್ಞಾನದ ಪ್ರಮಾಣವೂ

ತಜ್ಞರೊಬ್ಬರನ್ನು ಎದುರಿಗೆ ಕುಳ್ಳಿರಿಸಿಕೊಂಡು, ಒಂದೇ ವಿಷಯವನ್ನು ಕುರಿತು ಒಂದೆರಡು ಗಂಟೆ, ಕೆಲವೊಮ್ಮೆ ನಾಲ್ಕೈದು ಗಂಟೆಗಳ ಕಾಲವೂ ಮಾತನಾಡಿಸಿ, ಅದನ್ನು ಮುದ್ರಿಸಿ ಲೋಕದ ಮುಂದಿಡುವ ಪದ್ಧತಿ ಈಚೆಗೆ ಬಹಳವಾಗಿ ಬೆಳೆದಿದೆ. ಇತಿಹಾಸ, ವಿಜ್ಞಾನ, ಯಂತ್ರವಿದ್ಯೆ, ರಾಷ್ಟ್ರಗಳ ನಡುವಣ ರಾಜಕಾರಣ ಇವೇ ಇಂಥ ಸಂವಾದಗಳ ಮುಖ್ಯ ವಸ್ತುಗಳು. ಇಂಗ್ಲಿಷಿನಲ್ಲಿ ಅಮಿತ್ ವರ್ಮಾ ಅವರು 2017ರಲ್ಲಿ ಆರಂಭಿಸಿದ ‘ದಿ ಸೀನ್ ಅಂಡ್ ದಿ ಅನ್‌ಸೀನ್’, ಕನ್ನಡದಲ್ಲಿ ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ, ಸೂರ್ಯಪ್ರಕಾಶ್ ಅವರು 2018ರಲ್ಲಿ ಆರಂಭಿಸಿದ ‘ತಲೆ-ಹರಟೆ’ ಇದಕ್ಕೆ ಪರಿಚಿತ ನಿದರ್ಶನಗಳು. ಸಿಂಧನೂರು ತಾಲ್ಲೂಕಿನ ಸಾಲಗುಂದದಂಥ ಊರಿನಲ್ಲಿಯೂ, ಗದ್ದೆಯ ಬದುವಿನ ಮೇಲೆ ಕುಳಿತು ಕಾಲುವೆಯ ನೀರಿಗೆ ಕಾಯುವ ರೈತನ ಕಿವಿಗೆ ಇಂದು ಇಂಥ ಮಾತು ತಲುಪುತ್ತದೆ. ನಮ್ಮ ವಿದ್ಯಾರ್ಥಿಗಳಂತೂ ಗ್ರಂಥಕ್ಕಿಂತ ಮೊದಲು ಇದನ್ನೇ ಆಶ್ರಯಿಸುತ್ತಾರೆ. ಆದುದರಿಂದ ಈ ಪ್ರಕಾರದ ಗುಣದೋಷಗಳನ್ನು ವಿವೇಚಿಸುವುದು ಇತಿಹಾಸದ ಅಧ್ಯಾಪಕರಿಗೆ ಅನಾವಶ್ಯಕವಾದ ಕೆಲಸವಲ್ಲವೆಂದು ನಾವು ಭಾವಿಸುತ್ತೇವೆ.

ಸಂವಾದದಿಂದ ಜ್ಞಾನವನ್ನು ಶೋಧಿಸುವ ಕ್ರಮ ನಮಗೆ ಹೊಸದೇನೂ ಅಲ್ಲ. ಹದಿನೈದನೆಯ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆ ಆದ್ಯಂತವೂ ಸಂವಾದವೇ. ಅಲ್ಲಿ ಅಲ್ಲಮಪ್ರಭು ಬಂದವರನ್ನು ಹೊಗಳಿ ಕಳುಹಿಸುವುದಿಲ್ಲ, ಒರೆಗೆ ಹಚ್ಚುತ್ತಾನೆ. ಅಕ್ಕಮಹಾದೇವಿಗೂ ಸಿದ್ಧರಾಮನಿಗೂ ಅವನು ಹಾಕುವ ಪ್ರಶ್ನೆಗಳು ಉಪಚಾರದವಲ್ಲ, ಪರೀಕ್ಷೆಯವು. ಇನ್ನೂ ಹಿಂದಕ್ಕೆ ಹೋದರೆ, ಪಾಳಿ ಭಾಷೆಯ ಮಿಲಿಂದಪಞ್ಹದಲ್ಲಿ ಯವನರಾಜ ಮಿಲಿಂದನೊಡನೆ ಚರ್ಚೆಗೆ ಕೂಡುವ ಮುನ್ನ ಭಿಕ್ಷು ನಾಗಸೇನನು ಒಂದು ನಿಬಂಧನೆಯನ್ನು ಹಾಕುತ್ತಾನೆ. ಪಂಡಿತನಂತೆ ವಾದಿಸುವುದಾದರೆ ಸರಿ, ಅರಸನಂತೆ ವಾದಿಸುವುದಾದರೆ ಒಲ್ಲೆನೆಂಬುದು ಅದರ ಭಾವ. ಪಂಡಿತರ ಚರ್ಚೆಯಲ್ಲಿ ಗಂಟು ಹಾಕುವುದೂ ಬಿಚ್ಚುವುದೂ ಉಂಟು, ತಪ್ಪನ್ನು ತೋರಿಸಿಕೊಟ್ಟರೆ ಒಪ್ಪಿಕೊಳ್ಳುವುದುಂಟು, ಅದಕ್ಕಾಗಿ ಕೋಪಗೊಳ್ಳುವುದಿಲ್ಲ. ಅರಸರಾದರೋ ತಮ್ಮ ಮಾತನ್ನು ಒಪ್ಪದವರಿಗೆ ದಂಡನೆ ವಿಧಿಸುವರು. ಇಂದಿನ ದೀರ್ಘ ಸಂವಾದಗಳನ್ನು ಅಳೆಯಲು ಇದಕ್ಕಿಂತ ಉತ್ತಮವಾದ ಮಾನದಂಡ ನಮಗೆ ಕಾಣದು.

ಮೊದಲು ಗುಣವನ್ನು ಹೇಳೋಣ. ಪಠ್ಯಪುಸ್ತಕ ಜ್ಞಾನದ ಫಲವನ್ನು ಕೊಡುತ್ತದೆ. ಆ ಫಲ ಯಾವ ಬಳ್ಳಿಯಲ್ಲಿ ಬಿಟ್ಟಿತೆಂಬುದನ್ನು ಹೇಳಲು ಅದರಲ್ಲಿ ಸ್ಥಳವಿರುವುದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳು ಕನ್ನಡದ ಓದುಗರಿಗೆ ಮಾಡಿದ ಉಪಕಾರ ದೊಡ್ಡದು. ಆದರೂ ಉಪನ್ಯಾಸವೆಂಬುದು ಒಮ್ಮುಖವಾದ ಹರಿವು. ವಿಸ್ತಾರವಾದ ಸಂವಾದದಲ್ಲಿ ಮಾತ್ರ ‘ಇದು ನಿಮಗೆ ಹೇಗೆ ತಿಳಿಯಿತು?’ ಎಂದು ನಡುವೆ ಕೇಳಲು ಅವಕಾಶವುಂಟು. ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ.

ನಮ್ಮ ನೆರೆಯ ಮಸ್ಕಿಯ ಶಾಸನವನ್ನೇ ತೆಗೆದುಕೊಳ್ಳಬಹುದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯನ್ನು ಓದಿದಾಗ ದೇಶದ ಹಲವೆಡೆಯ ಶಾಸನಗಳಲ್ಲಿ ‘ದೇವಾನಂಪಿಯ ಪಿಯದಸಿ’ ಎಂಬ ಅರಸ ಕಾಣಿಸಿಕೊಂಡನು. ಈತನು ಸಿಂಹಳದ ದೊರೆಯಿರಬೇಕೆಂದು ಪ್ರಿನ್ಸೆಪ್ ಮೊದಲು ಊಹಿಸಿದನು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಅದೇ ವರ್ಷ ದೀಪವಂಸದ ಆಧಾರದಿಂದ, ಪಿಯದಸಿ ಎಂಬುದು ಮೌರ್ಯ ಅಶೋಕನ ಹೆಸರೆಂದು ತೋರಿಸಿಕೊಟ್ಟನು. ಪ್ರಿನ್ಸೆಪ್ ತನ್ನ ಊಹೆಯನ್ನು ಕೈಬಿಟ್ಟನು. ಆದರೆ ಶಾಸನದೊಳಗೇ ಅಶೋಕನೆಂಬ ಹೆಸರು ಅದುವರೆಗೆ ದೊರೆತಿರಲಿಲ್ಲ. ಅದು ದೊರೆತದ್ದು 1915ರಲ್ಲಿ, ಮಸ್ಕಿಯ ಬಂಡೆಯ ಮೇಲೆ. ಕಂಡುಹಿಡಿದವನು ಬೀಡನ್ ಎಂಬ ಗಣಿಯ ಇಂಜಿನಿಯರು. ಅದನ್ನು ಓದಿ ಹೈದರಾಬಾದ್ ಪುರಾತತ್ತ್ವ ಮಾಲೆಯ ಮೊದಲನೆಯ ಸಂಚಿಕೆಯಾಗಿ ಪ್ರಕಟಿಸಿದವರು ಹೆಚ್. ಕೃಷ್ಣಶಾಸ್ತ್ರಿಗಳು. ಒಬ್ಬ ಲಿಪಿಜ್ಞ, ಒಬ್ಬ ಪಾಳಿ ಬಲ್ಲ ಅಧಿಕಾರಿ, ಒಬ್ಬ ಗಣಿಗಾರ, ಒಬ್ಬ ಶಾಸನತಜ್ಞ ಹೀಗೆ ಎಪ್ಪತ್ತೆಂಟು ವರ್ಷಗಳ ಅಂತರದಲ್ಲಿ ನಡೆದ ಒಂದು ಸಂವಾದದ ಫಲವೇ ನಾವು ತರಗತಿಯಲ್ಲಿ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುವ ಸಂಗತಿ.

ಈಗ ದೋಷದ ಕಡೆಗೆ ಬರೋಣ. ಈಚೆಗೆ ನಮ್ಮ ತರಗತಿಯ ವಿದ್ಯಾರ್ಥಿಯೊಬ್ಬನು ಬರೆದುಕೊಟ್ಟ ಪ್ರಬಂಧದಲ್ಲಿ, ‘ಮಸ್ಕಿ ಶಾಸನ ಸಿಕ್ಕುವವರೆಗೆ ದೇವಾನಂಪಿಯನು ಯಾರೆಂದು ಯಾರಿಗೂ ತಿಳಿದಿರಲಿಲ್ಲ’ ಎಂದಿತ್ತು. ಆಧಾರವೇನೆಂದು ಕೇಳಲಾಗಿ, ತಾನು ಕೇಳಿದ ಎರಡು ಗಂಟೆಗಳ ಸಂವಾದವೊಂದನ್ನು ಹೇಳಿದನು. ಅದನ್ನು ನಾವೂ ಕೇಳಿದೆವು. ವಕ್ತಾರರು ವಿದ್ವಾಂಸರೇ, ಆದರೆ ಅವರ ಕ್ಷೇತ್ರ ಪ್ರಾಚೀನ ಇತಿಹಾಸವಲ್ಲ. ಮಾತಿನ ಓಘದಲ್ಲಿ ಆ ವಾಕ್ಯ ಬಂದಿತು, ಕೇಳುತ್ತಿದ್ದವರು ಬೆರಗನ್ನು ಸೂಚಿಸಿದರು, ಸಂವಾದ ಮುಂದೆ ಸಾಗಿತು. ಟರ್ನರನ ಹೆಸರು ಬರಲೇ ಇಲ್ಲ. ಇಷ್ಟಾದ ಮೇಲೆ ವಿದ್ಯಾರ್ಥಿಯನ್ನು ತಿದ್ದಿ ಸುಮ್ಮನಾಗಬಹುದಾಗಿತ್ತು. ಆದರೆ ನಮ್ಮ ಹಳೆಯ ಬೋಧನ ಟಿಪ್ಪಣಿಗಳನ್ನು ತೆರೆದು ನೋಡಿದಾಗ, ಹೆಚ್ಚುಕಡಮೆ ಅದೇ ವಾಕ್ಯವನ್ನು ನಾವೂ ಕೆಲವು ವರ್ಷ ಹೇಳಿಕೊಂಡು ಬಂದಿದ್ದುದು ಕಂಡಿತು. ಮರುದಿನ ತರಗತಿಯಲ್ಲಿ ಇದನ್ನು ಒಪ್ಪಿಕೊಳ್ಳಬೇಕಾಯಿತು. ಒಪ್ಪಿಕೊಂಡ ದಿನ ವಿದ್ಯಾರ್ಥಿಗಳು ಕೇಳಿದಷ್ಟು ಪ್ರಶ್ನೆಗಳನ್ನು ಅದಕ್ಕೆ ಹಿಂದೆ ಎಂದೂ ಕೇಳಿರಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ಕಾಲದ ದೈರ್ಘ್ಯವೇ ವಿಚಾರದ ಆಳವಲ್ಲ. ಎರಡು ಗಂಟೆ ಮಾತನಾಡಿದವರ ಮೇಲೆ ಕೇಳುಗನಿಗೆ ಒಂದು ಬಗೆಯ ಆಪ್ತತೆ ಹುಟ್ಟುತ್ತದೆ. ಧ್ವನಿಯ ಏರಿಳಿತ, ನಗು, ನೆನಪುಗಳು ಇವೆಲ್ಲ ಸೇರಿ ವಿಶ್ವಾಸವನ್ನು ಬೆಳೆಸುತ್ತವೆ. ಆ ವಿಶ್ವಾಸ ವ್ಯಕ್ತಿಯಿಂದ ವಾಕ್ಯಕ್ಕೆ ಅರಿಯದಂತೆ ವರ್ಗವಾಗಿಬಿಡುತ್ತದೆ. ಗ್ರಂಥದಲ್ಲಿ ವಾಕ್ಯಕ್ಕೆ ಅಡಿಟಿಪ್ಪಣಿಯ ಕಾವಲುಂಟು. ಮಾತಿಗೆ ಪ್ರಶ್ನಿಸುವವನೊಬ್ಬನೇ ಕಾವಲುಗಾರ. ಅವನು ನಿದ್ರಿಸಿದರೆ ಹೊಲ ಬಯಲು.

ಪ್ರಶ್ನಿಸುವವನು ಎಚ್ಚರವಾಗಿದ್ದರೆ ಏನಾಗಬಹುದೆಂಬುದಕ್ಕೆ ನಮ್ಮ ಸೀಮೆಯಿಂದಲೇ ಮೂರು ಉದಾಹರಣೆಗಳನ್ನು ಕೊಡಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಆರುನೂರು ಅಡಿಗೂ ಮಿಕ್ಕ ಆಳಕ್ಕೆ ಚಿನ್ನದ ಗಣಿ ತೋಡಿದ್ದರು. ಇದನ್ನು ಕೇಳಿ ಬೆರಗಾಗುವುದು ಸುಲಭ. ಎಚ್ಚರವುಳ್ಳವನು ಅಲ್ಲಿಗೆ ನಿಲ್ಲದೆ, ಕಬ್ಬಿಣದ ಉಳಿ ಸಾಲದ ಗಟ್ಟಿ ಕಲ್ಲನ್ನು ಒಡೆದದ್ದು ಹೇಗೆ, ಕಾಲವನ್ನು ನಿರ್ಣಯಿಸಿದ್ದು ಹೇಗೆ ಎಂದು ಕೇಳುವನು. ಆಗ ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ನೀರೆರಚಿ ಬಿರಿಯಿಸುವ ವಿಧಾನ ಹೊರಬರುತ್ತದೆ. ಹಳೆಯ ಗಣಿಯಲ್ಲಿ ಉಳಿದ ಮರದ ತುಂಡುಗಳ ಇಂಗಾಲವನ್ನು ಅಳೆದು ಸುಮಾರು ಎರಡು ಸಾವಿರ ವರ್ಷಗಳ ವಯಸ್ಸನ್ನು ಕಂಡುಕೊಂಡ ಕ್ರಮವೂ ತಿಳಿಯುತ್ತದೆ. ವಿಜ್ಞಾನವೂ ಇತಿಹಾಸವೂ ಒಂದೇ ಪ್ರಶ್ನೆಗೆ ಉತ್ತರವಾಗಿ ಕೂಡುತ್ತವೆ.

ಎರಡನೆಯದು ತುಂಗಭದ್ರಾ ಅಣೆಕಟ್ಟು. 2024ರ ಆಗಸ್ಟ್ 10ರ ರಾತ್ರಿ ಅದರ 33 ತೂಬುಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಎಡದಂಡೆ ಕಾಲುವೆಯನ್ನು ನಂಬಿದ ಸಿಂಧನೂರಿನ ಭತ್ತದ ಬೆಳೆಗಾರರಿಗೆ ಆ ವಾರ ನಿದ್ರೆಯಿರಲಿಲ್ಲ. ನೀರು ಹರಿಯುತ್ತಿರುವಾಗಲೇ ಉಕ್ಕಿನ ತಡೆಗೋಡೆಯ ತುಂಡುಗಳನ್ನು ಒಂದೊಂದಾಗಿ ಇಳಿಸಿ ಆ ಕಂಡಿಯನ್ನು ಮುಚ್ಚಲಾಯಿತು. ಆ ದಿನಗಳಲ್ಲಿ ಕೂಗು ಹೆಚ್ಚಾಗಿತ್ತು, ವಿವರಣೆ ಕಡಿಮೆಯಿತ್ತು. ಒಬ್ಬ ಅಣೆಕಟ್ಟಿನ ಇಂಜಿನಿಯರನ್ನು ಸಾವಧಾನವಾಗಿ ಎರಡು ಗಂಟೆ ಕನ್ನಡದಲ್ಲಿ ಮಾತನಾಡಿಸುವ ಅಗತ್ಯ ನಿಜವಾಗಿ ಇದ್ದುದು ಆಗ. ಸರಪಳಿಗೆ ವಯಸ್ಸಾದುದನ್ನು ಅರಿಯುವ ಬಗೆ ಯಾವುದು, ಹೂಳಿನಿಂದ ಜಲಾಶಯದ ಸಾಮರ್ಥ್ಯ ಏಕೆ ಇಳಿದಿದೆ, ಕಾಲುವೆಯ ಕೊನೆಯ ಭಾಗಕ್ಕೆ ನೀರು ಏಕೆ ತಲುಪದು ಎಂಬುವು ಸಾಲಗುಂದದ ರೈತನ ಪ್ರಶ್ನೆಗಳು. ಯಂತ್ರವಿದ್ಯೆಯ ಪ್ರಶ್ನೆಗಳೂ ಅವೇ.

ಮೂರನೆಯದು ರಾಷ್ಟ್ರಗಳ ರಾಜಕಾರಣ. ಇದು ದೂರದ ರಾಜಧಾನಿಗಳ ಆಟವೆಂಬ ಭಾವನೆ ನಮ್ಮಲ್ಲಿದೆ. ಆದರೆ 2023ರ ಜುಲೈ 17ರಂದು ರಷ್ಯ ಕಪ್ಪು ಸಮುದ್ರದ ಧಾನ್ಯದ ಒಡಂಬಡಿಕೆಯಿಂದ ಹಿಂದೆ ಸರಿಯಿತು. ಜುಲೈ 20ರಂದು ಭಾರತ ಸರ್ಕಾರ ಬಾಸುಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು, ಆ ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಈ ಎರಡು ಘಟನೆಗಳು ಒಂದೇ ವಾರದಲ್ಲಿ ನಡೆದುವೆಂಬುದರಿಂದ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಿಬಿಡುವುದು ಅವಸರದ ಮಾತು. ದೇಶದೊಳಗಿನ ಬೆಲೆಯೇರಿಕೆ, ಮಳೆಯ ಆತಂಕ ಇವನ್ನೂ ತೂಗಬೇಕು. ಹೀಗೆ ಕಾರಣಗಳನ್ನು ಬೇರ್ಪಡಿಸಿ ತೋರುವುದಕ್ಕೆ ವ್ಯವಧಾನ ಬೇಕು. ದೀರ್ಘ ಸಂವಾದಕ್ಕೆ ಅರ್ಥವಿರುವುದು ಆ ವ್ಯವಧಾನವನ್ನು ಹೀಗೆ ಬಳಸಿದಾಗ ಮಾತ್ರ.

ಭಾಷೆಯ ವಿಷಯವಾಗಿ ಒಂದು ಮಾತು. ಕನ್ನಡದ ಸಂವಾದಗಳಲ್ಲಿ ಕಠಿಣವಾದ ಘಟ್ಟ ಬಂದೊಡನೆ ವಕ್ತಾರರು ಇಂಗ್ಲಿಷಿಗೆ ಜಾರುವುದುಂಟು. ಪರಿಭಾಷೆಯ ಪದವೊಂದು ಬಂದರೆ ಬಾಧಕವಿಲ್ಲ. ವಾಕ್ಯವೇ ಜಾರಿದರೆ ಅತ್ಯಂತ ಮುಖ್ಯವಾದ ಕಡೆಯಲ್ಲಿಯೇ ಕೇಳುಗ ಹೊರಗುಳಿಯುತ್ತಾನೆ. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ವನ್ನು ಸಂಪುಟ ಸಂಪುಟವಾಗಿ ಕನ್ನಡದಲ್ಲಿ ಬರೆದ ಮೇಲೆ, ಇದು ನಮ್ಮ ಭಾಷೆಯ ಬಡತನವೆಂದು ಹೇಳಲು ಬಾರದು. ಇದು ಅಭ್ಯಾಸದ ಬಡತನ. ‘ತಲೆ-ಹರಟೆ’ ಎಂಬ ಹೆಸರಿನಲ್ಲಿಯೇ ಆಡುಮಾತಿನ ಸಲಿಗೆಯುಂಟು. ಆ ಸಲಿಗೆ ಕೇಳುಗನನ್ನು ಹತ್ತಿರಕ್ಕೆ ಕರೆಯುತ್ತದೆಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ ಸಲಿಗೆಯೂ ಪರೀಕ್ಷೆಯೂ ಒಂದೇ ಪೀಠದಲ್ಲಿ ಕೂಡುವುದು ಕಷ್ಟ. ಕನ್ನಡದಲ್ಲಿ ಈ ಪ್ರಕಾರ ಸಾಧಿಸಬೇಕಾದುದು ಇದನ್ನೇ.

ನಮ್ಮ ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆಯನ್ನು ಮಾಡುತ್ತೇವೆ. ಇಂಥ ಸಂವಾದಗಳನ್ನು ನಿಷೇಧಿಸುವುದು ವ್ಯರ್ಥ, ಪ್ರಮಾಣಗ್ರಂಥವೆಂದು ಅಂಗೀಕರಿಸುವುದು ಅಪಾಯ. ಅದನ್ನು ಸಾಕ್ಷಿಯ ಹೇಳಿಕೆಯಂತೆ ಸ್ವೀಕರಿಸಿ ಪಾಟೀಸವಾಲು ಮಾಡುವುದನ್ನು ವಿದ್ಯಾರ್ಥಿಗಳಿಗೆ ಕಲಿಸಬಹುದು. ಒಂದು ಗಂಟೆಯ ಮಾತಿನಿಂದ ಐದು ವಾಕ್ಯಗಳನ್ನು ಆರಿಸಿ, ಒಂದೊಂದಕ್ಕೂ ಮೂಲವನ್ನು ಹುಡುಕಿ ಬರಲು ಹೇಳಬಹುದು. ಮೂಲ ದೊರೆಯದ ವಾಕ್ಯವೇ ಅವರ ಮುಂದಿನ ಪಾಠವಾಗುತ್ತದೆ.

ಮಸ್ಕಿಯ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಮಾತಿನ ಸಾರವಿಷ್ಟು: ಈ ಪದವಿ ದೊಡ್ಡವರಿಗೆ ಮಾತ್ರ ದೊರೆಯುವುದೆಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಚಿಕ್ಕವನಿಗೂ ದೊರೆಯುವುದು. ಅದನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕೆಂದು ಅವನ ಆಜ್ಞೆ. ಧರ್ಮದ ವಿಷಯದಲ್ಲಿ ಹೇಳಿದ್ದು ವಿದ್ಯೆಗೂ ಸಲ್ಲುತ್ತದೆ. ತಜ್ಞನ ಎದುರಿಗೆ ಕುಳಿತವನು, ಕಾಲುವೆಯ ಬದುವಿನ ಮೇಲೆ ಕುಳಿತು ಕೇಳುವವನ ಪರವಾಗಿ ‘ಹೇಗೆ ತಿಳಿಯಿತು?’ ಎಂದು ಕೇಳಿದರೆ ಸಂವಾದ ಸಾರ್ಥಕ. ಕೇಳದಿದ್ದರೆ ಅದು ಎಷ್ಟು ದೀರ್ಘವಾದರೂ ಅರಸನ ಸಭೆಯೇ ಸರಿ.