ತೇರಿಗಿಂತ ದಾರಿ ಮೇಲು

2017ರಲ್ಲಿ ಐವತ್ತರ ನೋಟಿನ ಮೇಲೆ ಬಂದಮೇಲಂತೂ ಹಂಪಿಯ ಕಲ್ಲಿನ ರಥಕ್ಕೆ ಎದುರಾಡುವವರೇ ಇಲ್ಲ. ಗೆಜ್ಜಲ ಮಂಟಪದ ಬಳಿ ಬ್ಯಾಟರಿ ಗಾಡಿ ಹತ್ತಿ, ವಿಠ್ಠಲನ ಗುಡಿ ಮುಂದೆ ಇಳಿದು, ನೋಟು ಹಿಡಿದು ಫೋಟೊ ತೆಗೆಸಿಕೊಂಡರೆ ಹಂಪಿ ಮುಗಿಯಿತು. ರಥ ಚೆಂದವೇ, ಇಲ್ಲವೆನ್ನುವುದಿಲ್ಲ. ಆದರೆ ವಿರೂಪಾಕ್ಷನ ತೇರುಬೀದಿ ಮುಗಿದಲ್ಲಿಂದ ಹೊಳೆದಂಡೆ ಹಿಡಿದು ಅದೇ ಗುಡಿಗೆ ಹೋಗುವ ಸುಮಾರು ಎರಡು ಕಿಲೋಮೀಟರಿನ ಕಾಲುದಾರಿ ಅದಕ್ಕಿಂತ ದೊಡ್ಡ ಕೃತಿ.

ದಾರಿಯ ಕೊನೆಯ ತುಲಾಭಾರವನ್ನೇ ನೋಡಿ. ಎರಡು ಕಲ್ಲುಕಂಬ, ಮೇಲೊಂದು ಅಡ್ಡತೊಲೆ, ತೊಲೆಯ ಅಡಿಯಲ್ಲಿ ಮೂರು ಕಲ್ಲಿನ ಬಳೆ. ಗೈಡುಗಳು ಅರಸನನ್ನು ಚಿನ್ನಕ್ಕೆ ತೂಗುತ್ತಿದ್ದ ಕಥೆ ಹೇಳಿ ಮುಂದೆ ಹೋಗುತ್ತಾರೆ. ನನ್ನನ್ನು ಕಾಡುವುದು ಬಳೆಗಳ ಲೆಕ್ಕ. ತಕ್ಕಡಿ ತೂಗಲು ನಡುವಿನದೊಂದು ಸಾಕು. ಪಕ್ಕದ ಎರಡು ಏಕೆ? ತಟ್ಟೆಗಳನ್ನು ಆ ಎರಡಕ್ಕೇ ಕಟ್ಟಿದರೋ, ಕಲ್ಲುತೊಲೆ ಅಲುಗದು, ತೂಕವೇ ಆಗದು. ಇನ್ನು ತೂಗಿಸಿಕೊಳ್ಳುವ ಅರಸ ಎಲ್ಲಿ? ಕಂಬದ ಬುಡದಲ್ಲಿ, ರಾಣಿಯರ ಜೊತೆ, ಬಗ್ಗಿ ನೋಡಿದವರಿಗಷ್ಟೇ ಕಾಣುವಷ್ಟು ಸಣ್ಣಗೆ. ತಲೆಯ ಮೇಲೆ ದಾನದ ತಕ್ಕಡಿ, ಕಾಲಬಳಿ ದೊರೆ! ಗಾಡಿಯಲ್ಲಿ ಬಂದವರಿಗೆ ಈ ತಮಾಷೆ ದಕ್ಕುವುದಿಲ್ಲ.

‘ಹಾಳು ಹಂಪೆ’ ಎಂದು ಕಣ್ಣೀರಿಡುವ ನಮ್ಮ ಪ್ರವಾಸ ಲೇಖಕರ ಮೇಲೂ ನನ್ನ ತಕರಾರಿದೆ. 1565ರ ವಿಜಯನಗರದ ಪತನದಿಂದ ಶುರುಮಾಡಿ ಅಲ್ಲಿಗೇ ಮುಗಿಸುತ್ತಾರೆ. ಇದೇ ದಾರಿಯ ಚಕ್ರತೀರ್ಥದಲ್ಲಿ ಮಿಂದು ಒದ್ದೆ ಪಂಚೆಯಲ್ಲೇ ಕೋದಂಡರಾಮನಿಗೆ ಕೈಮುಗಿಯುವವನನ್ನು, ಅಲ್ಲಿಂದ ಮೆಟ್ಟಿಲೇರಿ ಯಂತ್ರೋದ್ಧಾರಕ ಹನುಮನ ಬಳಿ ಕೂರುವ ಅಜ್ಜಿಯನ್ನು ಇವರು ಕಂಡೇ ಇಲ್ಲವೆ? ಊರನ್ನು ಸತ್ತಿದೆ ಎಂದು ಬರೆದುಬಿಟ್ಟರೆ ಅಲ್ಲಿ ಬದುಕಿರುವವರು ಒತ್ತುವರಿದಾರರಾಗುತ್ತಾರೆ. 2011ರಲ್ಲಿ ತೇರುಬೀದಿಯ ಬಜಾರಿನ ಸಾಲುಮಂಟಪಗಳಿಂದ ಜನರನ್ನು ಎಬ್ಬಿಸಿದ್ದನ್ನು ಈ ಶೋಕಸಾಹಿತ್ಯ ಸಲೀಸು ಮಾಡಿತೆಂದೇ ನನ್ನ ಅನುಮಾನ.

ದಾರಿಯಲ್ಲಿ ಕೊರತೆಗಳೂ ಇವೆ: ನೆರಳು ಕಡಿಮೆ, ಬಂಡೆ ಬೇಗ ಕಾಯುತ್ತದೆ. ಅದಕ್ಕೇ ಬೆಳಗಿನ ಹೊತ್ತು ಹೊರಡಬೇಕು. ಅಣೆಕಟ್ಟಿನ ಗೇಟು ತೆಗೆದು ಹೊಳೆಗೆ ಜೋರು ನೀರು ಬಿಟ್ಟಾಗ ಹೊಳೆಯಂಚಿನ ಪುರಂದರ ಮಂಟಪವೇ ಮುಳುಗುತ್ತದೆ. ನೀರಿಳಿದ ಮೇಲೆ ಹೋಗಿ, ನಡೆದೇ ಹೋಗಿ.